‘ಮೂಳೆಗೆ ಅಂಟುವ ಲೋಹ’ ಬಂದರೆ ಹಂದಿಗೋಡು ಕಾಯಿಲೆ ವಾಸಿಯಾಗುತ್ತದೆಯೇ?

“ಮೂಳೆಗೆ ತಾನಾಗಿಯೇ ಅಂಟಿಕೊಳ್ಳುವ ಲೋಹ ಕಂಡುಹಿಡಿದಿದ್ದಾರೆ, ಲ್ಯಾಬ್‌ನಲ್ಲಿ ಸಾಬೀತಾಗಿದೆ, ಹಂದಿಗೋಡು ಕಾಯಿಲೆ ಇದ್ದವರಿಗೆ ತಲುಪುವವರೆಗೂ ಶೇರ್ ಮಾಡಿ.” ಈ ಧಾಟಿಯ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಕಳಿಸಿದವರ ಮನಸ್ಸು ಒಳ್ಳೆಯದೇ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗಂತೂ ಈ ಕಾಯಿಲೆಯ ಹೆಸರು ಹೊಸದಲ್ಲ. ಹಾಗಾಗಿ ಓದಿದ ಕೂಡಲೇ ಮುಂದಕ್ಕೆ ಕಳಿಸೋಣ ಅನ್ನಿಸುವುದು ಸಹಜ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಮೂಳೆ ಕೆಲವು ವಸ್ತುಗಳ ಜೊತೆ ಬೆಸೆದುಕೊಳ್ಳುತ್ತದೆ ಎಂಬುದು ನಿಜ. ಆದರೆ ಅದು ಹೊಸ ಸುದ್ದಿಯಲ್ಲ, 70 ವರ್ಷಕ್ಕೂ ಹಳೆಯದು. ಅದರಿಂದ ಹಂದಿಗೋಡು ಕಾಯಿಲೆ ವಾಸಿಯಾಗುತ್ತದೆ ಎಂಬುದು ಸುಳ್ಳು. ಸವೆದುಹೋದ ಸೊಂಟದ ಕೀಲನ್ನು ತೆಗೆದು ಅಲ್ಲಿ ಕೃತಕ ಕೀಲು ಕೂರಿಸಿದಾಗ, ಅದು ಅಲುಗದೆ ನಿಲ್ಲಲು ಈ ಬೆಸುಗೆ ಬೇಕು. ಕೋಲೂರಿ ನಡೆಯುವವರಿಗೆ ಇದೇನೂ ಸಣ್ಣ ಸಹಾಯವಲ್ಲ. ಆದರೆ ‘ಕಾಯಿಲೆ ವಾಸಿ’ ಬೇರೆ, ‘ಕೀಲು ಬದಲಿ’ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡು ಆಸೆಯಿಟ್ಟುಕೊಂಡವರಿಗೆ ಕೊನೆಗೆ ಸಿಗುವುದು ನಿರಾಸೆ.

ಏಡಿಯ ಕಥೆಯಿಂದ ಶುರು ಮಾಡೋಣ

1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ ಮತ್ತು ಮಂಡಿ ನೋವಿನಿಂದ ನಡೆಯಲಾರದೆ ಹೋದ ಹಲವರು ವೈದ್ಯರ ಗಮನಕ್ಕೆ ಬಂದರು. ಕಾಯಿಲೆಗೆ ಊರಿನ ಹೆಸರೇ ಉಳಿಯಿತು. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ಇಂಥ ಕುಟುಂಬಗಳಿವೆ ಎಂದು ಆಮೇಲೆ ತಿಳಿಯಿತು. ಹೆಚ್ಚಿನವರು ಗದ್ದೆ ಕೂಲಿ ಮಾಡುವ ದಲಿತ ಕುಟುಂಬಗಳವರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಈ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅವರು ಕಾಯಿಲೆಯನ್ನು ಕರೆದದ್ದು ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ ಎಂಬ ಅರ್ಥದ ಹೆಸರಿನಿಂದ. ‘ಕೌಟುಂಬಿಕ’ ಎಂಬ ಪದ ಆಗಲೇ ಅಲ್ಲಿತ್ತು ಎಂಬುದನ್ನು ಗಮನಿಸಿ.

ಜನರ ಬಾಯಲ್ಲಿ ಉಳಿದದ್ದು ಮಾತ್ರ ಬೇರೆಯೇ ಮಾತು: ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದರಿಂದ ಹೀಗಾಯಿತು ಎಂದು. ಕಾರಣ ಗೊತ್ತಿಲ್ಲದ ಆ ಮೊದಲ ದಿನಗಳಲ್ಲಿ ಏಡಿಯ ಮೇಲೆ ಅನುಮಾನ ಬಂದದ್ದರಲ್ಲಿ ತಪ್ಪಿಲ್ಲ. ಗದ್ದೆಗೆ ಆಗಷ್ಟೇ ಹೊಸ ಔಷಧಿಗಳು ಬರತೊಡಗಿದ್ದವು, ಬಡವರ ಮನೆಯಲ್ಲಿ ಏಡಿ ಸಾರು ಸಾಮಾನ್ಯವಾಗಿತ್ತು. ಅನುಮಾನ ಹಾಗೆಯೇ ಪರಿಸರದ ಪುಸ್ತಕಗಳಿಗೆ ಹೋಗಿ ಕೂತಿತು, ಅಲ್ಲಿಂದ ಫಾರ್ವರ್ಡ್‌ಗಳಿಗೆ ಬಂತು.

ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಸಂಸ್ಥೆಗಳನ್ನು ಸೇರಿಸಿ ಅಧ್ಯಯನ ನಡೆಸಿತು. ಕುಟುಂಬಗಳ ವಂಶವೃಕ್ಷ ಬರೆದರು, ಎಕ್ಸ್‌ರೇ ತೆಗೆದರು. ಎಸ್.ಎಸ್. ಅಗರ್‌ವಾಲ್ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನು ಮೂಳೆಯ ಬೆಳವಣಿಗೆಯಲ್ಲೇ ಇರುವ ದೋಷ, ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವಂಥದ್ದು ಎಂದು ಗುರುತಿಸಿತು. ಇಬ್ಬರಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಎರಡರಲ್ಲಿ ಒಂದು. ಗಂಡು ಹೆಣ್ಣೆಂಬ ಭೇದ ಇದಕ್ಕಿಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ, ಒಂದೇ ಬಾವಿಯ ನೀರು ಕುಡಿದರೆ ಇದು ಹರಡುವುದಿಲ್ಲ.

ಉದ್ದ ಮೂಳೆಗಳ ತುದಿಯಲ್ಲಿ, ಕೀಲಿನ ಹತ್ತಿರ, ಬೆಳೆಯುವ ಭಾಗವೊಂದಿರುತ್ತದೆ. ಅಲ್ಲಿ ರೂಪ ಸರಿಯಾಗಿ ಬರದಿದ್ದರೆ ಕೀಲು ಬೇಗ ಸವೆಯುತ್ತದೆ. ಹಂದಿಗೋಡು ಕಾಯಿಲೆಯಲ್ಲಿ ಮುಖ್ಯವಾಗಿ ಪೆಟ್ಟು ತಿನ್ನುವುದು ಸೊಂಟದ ಕೀಲು. ಕೆಲವರ ಎತ್ತರ ಸಾಮಾನ್ಯವಾಗಿಯೇ ಇದ್ದು ಸೊಂಟ ಮಾತ್ರ ಸವೆಯುತ್ತದೆ, ಕೆಲವರಲ್ಲಿ ಬೆನ್ನುಮೂಳೆಯೂ ಚಪ್ಪಟೆಯಾಗುತ್ತದೆ, ಕೆಲವರು ತೀರಾ ಗಿಡ್ಡ ಉಳಿಯುತ್ತಾರೆ. ದಕ್ಷಿಣ ಆಫ್ರಿಕಾದ ಎಂಸೆಲೆನಿ ಎಂಬಲ್ಲಿಯೂ ಹೀಗೆಯೇ ಒಂದು ಪ್ರದೇಶದ ಜನರ ಸೊಂಟ ಸವೆಸುವ ಕಾಯಿಲೆಯಿದೆ. 1997ರಲ್ಲಿ ಅಗರ್‌ವಾಲ್ ಅವರೂ ಅಲ್ಲಿನ ವೈದ್ಯರೂ ಸೇರಿ ಎರಡನ್ನೂ ಹೋಲಿಸಿ ಬರೆದಿದ್ದಾರೆ.

ಇಲ್ಲಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ದೋಷ ಇರುವುದು ದೇಹದ ಪ್ರತಿ ಜೀವಕೋಶದಲ್ಲಿ. ಸೊಂಟಕ್ಕೆ ಹಾಕಿದ ಲೋಹಕ್ಕೆ ಅದನ್ನು ತಿದ್ದುವ ಶಕ್ತಿಯಿಲ್ಲ. ಬಲ ಸೊಂಟಕ್ಕೆ ಹೊಸ ಕೀಲು ಹಾಕಿಸಿಕೊಂಡವರ ಎಡ ಸೊಂಟ ತನ್ನ ಪಾಡಿಗೆ ಸವೆಯುತ್ತಲೇ ಇರುತ್ತದೆ.

ಮೊಲದ ಕಾಲಿನಿಂದ ಬಿಚ್ಚಲಾಗದ ಲೋಹ

ಹಾಗಾದರೆ ‘ಅಂಟುವುದು’ ಎಂದರೇನು? 1952ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡುತ್ತಿದ್ದರು. ಅದಕ್ಕಾಗಿ ಟೈಟಾನಿಯಂನ ಪುಟ್ಟ ಕಿಟಕಿಯಂಥ ಉಪಕರಣವನ್ನು ಮೂಳೆಗೆ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಬಿಚ್ಚಿ ಇನ್ನೊಂದು ಮೊಲಕ್ಕೆ ಬಳಸುವ ಯೋಚನೆ. ಬಿಚ್ಚಲು ಹೋದರೆ ಬರಲಿಲ್ಲ. ಮೂಳೆ ಅದನ್ನು ಹಿಡಿದುಬಿಟ್ಟಿತ್ತು.

ಟೈಟಾನಿಯಂ ಮೂಳೆಗೆ ಒಗ್ಗುತ್ತದೆ ಎಂದು 1940ರಲ್ಲೇ ಬೆಕ್ಕುಗಳ ಮೇಲಿನ ಪ್ರಯೋಗವೊಂದು ಹೇಳಿತ್ತು. ಆದರೆ ಅದರ ಬೆನ್ನು ಹತ್ತಿದವರು ಬ್ರೋನೆಮಾರ್ಕ್. 1965ರಲ್ಲಿ ಮೊದಲ ಬಾರಿಗೆ ಮನುಷ್ಯರ ದವಡೆಗೆ ಟೈಟಾನಿಯಂ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟಿದರು. ಈಗ ಪೇಟೆಯ ದಂತ ವೈದ್ಯರು ‘ಇಂಪ್ಲಾಂಟ್’ ಎನ್ನುವುದು ಇದನ್ನೇ. ಮೂಳೆ ನೇರವಾಗಿ ಲೋಹವನ್ನು ಹಿಡಿಯುವ ಈ ಕ್ರಿಯೆಗೆ ಆಸಿಯೋಇಂಟಿಗ್ರೇಷನ್ ಎಂದು ಹೆಸರು.

ನಮ್ಮ ಕಡೆ ಬೇಲಿ ಕಟ್ಟುವಾಗ ತಂತಿಯನ್ನು ಮರಕ್ಕೇ ಮೊಳೆ ಹೊಡೆದು ಬಿಗಿಯುತ್ತಾರಲ್ಲ, ಕೆಲವು ವರ್ಷ ಬಿಟ್ಟು ನೋಡಿದರೆ ಮರ ತಂತಿಯನ್ನು ನುಂಗಿರುತ್ತದೆ. ತಂತಿ ಮರಕ್ಕೆ ಅಂಟಿದ್ದಲ್ಲ, ಮರ ತಂತಿಯ ಸುತ್ತ ಬೆಳೆದದ್ದು. ಟೈಟಾನಿಯಂ ವಿಷಯದಲ್ಲೂ ಹಾಗೆಯೇ. ಲೋಹದಲ್ಲಿ ಯಾವ ಅಂಟೂ ಇಲ್ಲ, ಕೆಲಸವೆಲ್ಲ ಮೂಳೆಯದು.

ಬೇರೆ ಲೋಹಗಳಿಗಿಂತ ಟೈಟಾನಿಯಂ ಏಕೆ ಮೇಲು? ಗಾಳಿ ತಾಗಿದ ಕೂಡಲೇ ಅದರ ಮೈಮೇಲೆ ಆಕ್ಸೈಡಿನ ಪದರವೊಂದು ಕಟ್ಟಿಕೊಳ್ಳುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ, ಅಂದರೆ ಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು. ಆ ಪದರ ಲೋಹವನ್ನು ತುಕ್ಕಿನಿಂದ ಕಾಯುತ್ತದೆ, ಒಳಗಿನ ಲೋಹ ದೇಹಕ್ಕೆ ಸೋರದಂತೆ ತಡೆಯುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ರಕ್ತದ ಪ್ರೋಟೀನುಗಳು ಆ ಪದರದ ಮೇಲೆ ಕೂರುತ್ತವೆ, ಮೂಳೆ ಕಟ್ಟುವ ಕೋಶಗಳು ಬಂದು ನೆಲೆಯೂರುತ್ತವೆ. ಮೊದಲು ಗಡಿಬಿಡಿಯಲ್ಲಿ ನೇಯ್ದಂಥ ಒರಟು ಮೂಳೆ ಹುಟ್ಟುತ್ತದೆ. ತಿಂಗಳುಗಳು ಕಳೆದಂತೆ ದೇಹ ಅದನ್ನು ಕೆಡವಿ, ಭಾರ ಬೀಳುವ ದಿಕ್ಕಿಗೆ ಪದರ ಪದರವಾಗಿ ಗಟ್ಟಿ ಮೂಳೆ ಕಟ್ಟುತ್ತದೆ.

ದೇಹಕ್ಕೆ ಒಗ್ಗದ ವಸ್ತುವಾದರೆ ಕಥೆ ಬೇರೆ. ಕೈಗೆ ಹೊಕ್ಕ ಸಿಬಿರಿನ ಸುತ್ತ ಚರ್ಮ ಗಂಟು ಕಟ್ಟುವಂತೆ, ಅದರ ಸುತ್ತ ಮೆತ್ತನೆಯ ನಾರಿನ ಪೊರೆ ಬೆಳೆಯುತ್ತದೆ. ಪೊರೆ ಬಂದರೆ ಬೆಸುಗೆ ಇಲ್ಲ, ಇಂಪ್ಲಾಂಟ್ ಸಡಿಲವಾಗುತ್ತದೆ.

ನಿಜಕ್ಕೂ ‘ಅಂಟು’ ಎನ್ನಬಹುದಾದದ್ದು ಇನ್ನೊಂದಿದೆ. ಅದು ಲೋಹವಲ್ಲ, ಗಾಜು! ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ 1969ರಲ್ಲಿ ಮರಳಿನ ಸಿಲಿಕಾ, ಸೋಡಿಯಂ, ಕ್ಯಾಲ್ಸಿಯಂ, ರಂಜಕ ಸೇರಿಸಿ ಗಾಜೊಂದನ್ನು ತಯಾರಿಸಿದರು. ಇಲಿಗಳ ತೊಡೆಮೂಳೆಯಲ್ಲಿಟ್ಟ ಅದರ ಚೂರುಗಳು ಆರು ವಾರದ ನಂತರ ಎಷ್ಟು ನೂಕಿದರೂ ಹೊರಬರಲಿಲ್ಲ. ಈ ಗಾಜು ದೇಹದ ದ್ರವದಲ್ಲಿ ನಿಧಾನವಾಗಿ ಕರಗುತ್ತದೆ. ಕರಗುತ್ತಾ ತನ್ನ ಮೈಮೇಲೆ ಮೂಳೆಯ ಖನಿಜದಂಥದ್ದೇ ಪದರವನ್ನು ಕಟ್ಟಿಕೊಳ್ಳುತ್ತದೆ. ಮೂಳೆ ಆ ಪದರದ ಜೊತೆ ರಾಸಾಯನಿಕವಾಗಿ ಬೆಸೆಯುತ್ತದೆ. ಆದರೆ ಗಾಜು ಗಾಜೇ, ಬೀಳುವ ಭಾರಕ್ಕೆ ಒಡೆಯುತ್ತದೆ. ಸೊಂಟದ ಭಾರ ಹೊರಲು ಅದರಿಂದಾಗದು. ಹಾಗಾಗಿ ಮೂಳೆಯ ಗುಳಿ ತುಂಬಲು ಇಂಥ ವಸ್ತುಗಳನ್ನು ಬಳಸುತ್ತಾರೆ. ಭಾರ ಹೊರುವ ಲೋಹಕ್ಕೆ ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟ್ ಲೇಪಿಸುವ ಪದ್ಧತಿ 1980ರ ದಶಕದ ನಡುವಿನಿಂದ ಬಳಕೆಯಲ್ಲಿದೆ. ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ: ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಮೂಳೆಯ ಗುಳಿ ತುಂಬುವ ಸೆರಾಮಿಕ್ ಹರಳುಗಳನ್ನು ರೂಪಿಸಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ತಂಡ ಮೂಳೆಗೆ ಹೊಂದುವ ವಸ್ತುಗಳ ಮೇಲೆ ವರ್ಷಗಳಿಂದ ಸಂಶೋಧನೆ ಮಾಡುತ್ತಿದೆ.

‘ಲ್ಯಾಬ್‌ನಲ್ಲಿ ಸಾಬೀತು’ ಅಂದರೆ ಯಾವ ಲ್ಯಾಬ್?

ಫಾರ್ವರ್ಡ್‌ಗಳು ಎಡವುವುದು ಇಲ್ಲಿಯೇ. ‘ಲ್ಯಾಬ್’ ಎಂಬ ಒಂದೇ ಪದದಡಿ ಕನಿಷ್ಠ ಮೂರು ಬಗೆಯ ಪ್ರಯೋಗಗಳಿವೆ.

ಅತಿ ಸುಲಭದ್ದು ದ್ರವದ ಪರೀಕ್ಷೆ. ಜಪಾನಿನ ತದಾಶಿ ಕೊಕುಬೊ ರೂಪಿಸಿದ ವಿಧಾನವಿದು. ರಕ್ತದ ನೀರಿನಂಶದಲ್ಲಿರುವಷ್ಟೇ ಲವಣಗಳನ್ನು ಬೆರೆಸಿದ ದ್ರವವನ್ನು ದೇಹದ ಬಿಸಿಯಲ್ಲೇ, 36.5 ಡಿಗ್ರಿಯಲ್ಲಿ ಇಟ್ಟು, ಅದರಲ್ಲಿ ವಸ್ತುವಿನ ಚೂರನ್ನು ಮುಳುಗಿಸುತ್ತಾರೆ. ಕೆಲವು ದಿನ ಬಿಟ್ಟು ಅದರ ಮೇಲೆ ಮೂಳೆಯ ಖನಿಜದಂಥ ಪದರ ಕಟ್ಟಿತೇ ಎಂದು ನೋಡುತ್ತಾರೆ. ಅಗ್ಗದ, ಬೇಗ ಮುಗಿಯುವ ಪರೀಕ್ಷೆ. ಆದರೆ ಆ ಬಾಟಲಿಯಲ್ಲಿ ಜೀವಕೋಶವಿಲ್ಲ, ಪ್ರೋಟೀನಿಲ್ಲ, ರಕ್ತವಿಲ್ಲ. ಟ್ರೈಕ್ಯಾಲ್ಸಿಯಂ ಫಾಸ್ಫೇಟಿನ ಒಂದು ಬಗೆ ದೇಹದಲ್ಲಿ ಮೂಳೆಗೆ ಚೆನ್ನಾಗಿ ಬೆಸೆಯುತ್ತದೆ, ಈ ದ್ರವದಲ್ಲಿ ಮಾತ್ರ ಸಪ್ಪೆಯಾಗಿ ಕೂತಿರುತ್ತದೆ. ಈ ಪರೀಕ್ಷೆಯನ್ನು ಎಷ್ಟು ನಂಬಬೇಕು ಎಂದು ವಿಜ್ಞಾನಿಗಳೇ 2009ರಲ್ಲಿ ಪ್ರಬಂಧ ಬರೆದು ಕೇಳಿದ್ದಾರೆ.

ಎರಡನೆಯದು ತಟ್ಟೆಯಲ್ಲಿ ಕೋಶ ಬೆಳೆಸುವುದು. ಬಹಳ ಸಲ ಈ ಕೋಶಗಳು ಇಲಿಯ ತಲೆಬುರುಡೆಯಿಂದ ಬಂದವು, ಅಥವಾ ಮನುಷ್ಯರ ಮೂಳೆ ಕ್ಯಾನ್ಸರ್ ಗಡ್ಡೆಯಿಂದ ತೆಗೆದು ದಶಕಗಳಿಂದ ಬೆಳೆಸುತ್ತಾ ಬಂದವು. ಅವು ವಸ್ತುವಿನ ಮೇಲೆ ಕೂತು ಹರಡಿಕೊಂಡವೇ, ಕ್ಯಾಲ್ಸಿಯಂ ಕಲೆಹಾಕಿದವೇ ಎಂದು ಕೆಂಪು ಬಣ್ಣ ಹಾಕಿ ನೋಡುತ್ತಾರೆ. ವಸ್ತು ಕೋಶಕ್ಕೆ ವಿಷವಲ್ಲ ಎಂದು ಇದರಿಂದ ತಿಳಿಯುತ್ತದೆ. ಮೂಳೆ ಬೆಸೆಯಿತು ಎಂದು ಇದರಿಂದ ಹೇಳಲಾಗದು, ಏಕೆಂದರೆ ತಟ್ಟೆಯಲ್ಲಿ ಮೂಳೆಯೇ ಇಲ್ಲ.

ಮೂರನೆಯದು ಪ್ರಾಣಿಗಳದ್ದು: ಇಲಿ, ಮೊಲ, ನಾಯಿ, ಕುರಿ. ವಾರಗಳ ನಂತರ ಮೂಳೆಯನ್ನು ತೆಳುವಾಗಿ ಸೀಳಿ, ಇಂಪ್ಲಾಂಟಿನ ಅಂಚಿನ ಎಷ್ಟು ಭಾಗಕ್ಕೆ ಮೂಳೆ ತಾಗಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಇನ್ನು ಕೆಲವನ್ನು ಯಂತ್ರಕ್ಕೆ ಸಿಕ್ಕಿಸಿ ನೂಕುತ್ತಾರೆ ಅಥವಾ ತಿರುಗಿಸುತ್ತಾರೆ, ಎಷ್ಟು ಬಲಕ್ಕೆ ಕಿತ್ತು ಬಂತು ಎಂದು ಬರೆದುಕೊಳ್ಳುತ್ತಾರೆ. ಇದು ಗಟ್ಟಿ ಪುರಾವೆ. ಆದರೂ ಮೊಲದ ಮೂಳೆ ನಮ್ಮದಕ್ಕಿಂತ ಬಹಳ ಬೇಗ ಕೂಡುತ್ತದೆ. ಮೊಲ ಸುಮಾರು 6 ವಾರದಲ್ಲಿ ಮುಗಿಸುವ ಮೂಳೆ ರಿಪೇರಿಯ ಒಂದು ಸುತ್ತಿಗೆ ನಾವು ಸುಮಾರು 18 ವಾರ ತೆಗೆದುಕೊಳ್ಳುತ್ತೇವೆ. ಮೇಲಾಗಿ ಆ ಮೊಲ ಎಳೆಯದು, ಆರೋಗ್ಯವಾಗಿದೆ, ಅದರ ಮೂಳೆಯಲ್ಲಿ ಹುಟ್ಟುದೋಷವಿಲ್ಲ. 40 ವರ್ಷ ಗದ್ದೆಯಲ್ಲಿ ದುಡಿದು ಸವೆದ, ಹುಟ್ಟಿನಿಂದಲೇ ರೂಪಗೆಟ್ಟ ಸೊಂಟಕ್ಕೂ ಅದಕ್ಕೂ ಬಹಳ ದೂರ.

ಆದ್ದರಿಂದ ಇಂಥ ಸುದ್ದಿ ಬಂದರೆ ನಾವು ಮೊದಲು ಹುಡುಕುವುದು ಇದನ್ನೇ: ಬಾಟಲಿಯೋ, ತಟ್ಟೆಯೋ, ಮೊಲವೋ, ಮನುಷ್ಯರೋ?

ಅಲುಗಾಡಿದರೆ ಬೆಸುಗೆ ಇಲ್ಲ

ಲ್ಯಾಬ್ ಕಲಿಸಿದ ಪಾಠಗಳಲ್ಲಿ ರೋಗಿಗೆ ನೇರವಾಗಿ ಬೇಕಾದದ್ದು ಒಂದಿದೆ. ಇಂಪ್ಲಾಂಟ್ ಕೂರಿಸಿದ ಮೊದಲ ದಿನಗಳಲ್ಲಿ ಅದು ಎಷ್ಟು ಅಲುಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಾಯಿಗಳ ಮೇಲಿನ ಪ್ರಯೋಗಗಳನ್ನು ಆಧರಿಸಿ 1986ರಲ್ಲಿ ಪಿಲ್ಲಿಯರ್ ಮತ್ತು ಸಂಗಡಿಗರು ತೋರಿಸಿದ್ದು ಹೀಗೆ: ಅಲುಗಾಟ ಸುಮಾರು 150 ಮೈಕ್ರೋಮೀಟರ್ ದಾಟಿದರೆ ಮೂಳೆಯ ಬದಲು ನಾರಿನ ಪೊರೆ ಬೆಳೆಯುತ್ತದೆ. 150 ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಏಳನೇ ಒಂದು ಭಾಗ, ಕಣ್ಣಿಗೆ ಕಂಡೂ ಕಾಣದಷ್ಟು. ಬೇಲಿಗೆ ನೆಟ್ಟ ಗೊಬ್ಬರದ ಗಿಡದ ಹಸಿ ಗೂಟವನ್ನು ದನ ದಿನಾ ಬಂದು ಉಜ್ಜಿ ಅಲುಗಾಡಿಸಿದರೆ ಬೇರು ಹಿಡಿಯುತ್ತದೆಯೇ? ಇದೂ ಹಾಗೆ.

‘ಇಷ್ಟು ವಾರ ಕಾಲಿಗೆ ಪೂರ್ತಿ ಭಾರ ಹಾಕಬೇಡಿ, ವಾಕರ್ ಬಿಡಬೇಡಿ’ ಎಂದು ವೈದ್ಯರು ಹೇಳಿದರೆ ಅದರ ಹಿಂದಿರುವ ಲೆಕ್ಕಗಳಲ್ಲಿ ಇದೂ ಒಂದು. ಕೆಲವರಿಗೆ ಬೇಗ ನಡೆಯಲು ಹೇಳುತ್ತಾರೆ, ಕೆಲವರಿಗೆ ತಡವಾಗಿ. ಪಕ್ಕದ ಮನೆಯವರಿಗೆ ಹೇಳಿದ್ದು ನಿಮಗೆ ಅನ್ವಯಿಸಬೇಕಾಗಿಲ್ಲ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ನಿಧಾನಿಸುತ್ತವೆ, ಇದಕ್ಕೆ ಸಾಕಷ್ಟು ಪುರಾವೆಯಿದೆ.

ಎಲ್ಲರಿಗೂ ಈ ಬೆಸುಗೆಯೇ ಬೇಕೆಂದೂ ಇಲ್ಲ. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಆರಂಭಿಸಿದ ಸೊಂಟದ ಕೀಲಿನಲ್ಲಿ ಮೂಳೆಗೂ ಲೋಹಕ್ಕೂ ನಡುವೆ ‘ಬೋನ್ ಸಿಮೆಂಟ್’ ತುಂಬುತ್ತಿದ್ದರು. ಹೆಸರು ಸಿಮೆಂಟ್, ನಿಜಕ್ಕೂ ಅದು ಒಂದು ಬಗೆಯ ಪ್ಲಾಸ್ಟಿಕ್. ಅದು ಅಂಟುವುದಿಲ್ಲ, ಗಾರೆಯವರು ಸಂದಿಗೆ ತುಂಬುವ ಸಿಮೆಂಟಿನಂತೆ ಜಾಗ ತುಂಬಿ ಬಿಗಿಯಾಗಿಸುತ್ತದೆ. ಮೂಳೆ ದುರ್ಬಲವಾಗಿರುವವರಿಗೆ ಇಂದಿಗೂ ಅದನ್ನು ಬಳಸುತ್ತಾರೆ. ‘ನನಗೆ ಹಳೇ ಪದ್ಧತಿ ಸಿಮೆಂಟ್ ಹಾಕಿ ಮೋಸ ಮಾಡಿದರು’ ಎಂದುಕೊಳ್ಳಬೇಕಾಗಿಲ್ಲ.

ಹಂದಿಗೋಡಿನ ಸೊಂಟಕ್ಕೆ ಬಂದರೆ

ಹುಟ್ಟಿನಿಂದ ರೂಪಗೆಟ್ಟ ಸೊಂಟಕ್ಕೆ ಕೀಲು ಬದಲಿಸುವುದು, ವಯಸ್ಸಾಗಿ ಸವೆದ ಸೊಂಟಕ್ಕೆ ಬದಲಿಸಿದಷ್ಟು ಸರಳವಲ್ಲ. ತೊಡೆಮೂಳೆಯ ಚೆಂಡು ಕೂರುವ ಬಟ್ಟಲು ಆಳವಿಲ್ಲದೆ ಚಪ್ಪಟೆಯಾಗಿರಬಹುದು. ಆಗ ಹೊಸ ಬಟ್ಟಲಿಗೆ ಹಿಡಿತ ಸಿಗಲು ಬೇರೆ ಮೂಳೆಯ ತುಂಡು ಸೇರಿಸಬೇಕಾಗಬಹುದು. ಗಿಡ್ಡ ದೇಹದವರ ತೊಡೆಮೂಳೆಯ ಒಳಕೊಳವೆ ಕಿರಿದು, ಅದಕ್ಕೆ ಸಣ್ಣ ಅಳತೆಯ ಅಥವಾ ಅಳತೆ ಕೊಟ್ಟು ಮಾಡಿಸಿದ ಇಂಪ್ಲಾಂಟ್ ಬೇಕಾಗಬಹುದು. ಹೀಗಾಗಿ ರೂಪಗೆಟ್ಟ ಸೊಂಟಗಳಿಗೆ ಕೀಲು ಬದಲಿಸಿ ಅನುಭವವಿರುವ ವೈದ್ಯರನ್ನು ಕಾಣುವುದು ಮುಖ್ಯ.

ಇನ್ನೊಂದು ಸಮಸ್ಯೆ ವಯಸ್ಸು. ಈ ಕಾಯಿಲೆ ಎಷ್ಟೋ ಜನರನ್ನು ದುಡಿಯುವ ವಯಸ್ಸಿನಲ್ಲೇ ಕೂರಿಸುತ್ತದೆ. ಕೃತಕ ಕೀಲಿಗೆ ಆಯುಷ್ಯವಿದೆ. ಎರಡು ದೇಶಗಳ ದಾಖಲೆ ಒಟ್ಟುಗೂಡಿಸಿ 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ, ಸೊಂಟದ ಕೃತಕ ಕೀಲುಗಳಲ್ಲಿ ನೂರಕ್ಕೆ ಸುಮಾರು 89 ಕೀಲುಗಳು 15 ವರ್ಷ, 58 ಕೀಲುಗಳು 25 ವರ್ಷ ಉಳಿದಿವೆ. ಆ ದಾಖಲೆಗಳಲ್ಲಿ ಹೆಚ್ಚಿನವರು ವಯಸ್ಸಾದವರು. 30ರಲ್ಲೇ ಕೀಲು ಬದಲಿಸಿಕೊಂಡವರು ಮುಂದೊಮ್ಮೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಬೇಕಾಗಬಹುದು ಎಂದು ಮೊದಲೇ ತಿಳಿದಿರಬೇಕು.

ಬೆಸುಗೆ ಚೆನ್ನಾಗಿ ಆದ ಮೇಲೂ ಕೀಲು ಸಡಿಲವಾಗುವುದು ಏಕೆ? ಉಜ್ಜುವ ಜಾಗದಿಂದ ಉದುರುವ ಪ್ಲಾಸ್ಟಿಕ್ಕಿನ ಸೂಕ್ಷ್ಮ ಪುಡಿ ಸುತ್ತಲಿನ ಮೂಳೆಯನ್ನು ಕರಗಿಸಬಲ್ಲದು. ಸೋಂಕು ಇನ್ನೊಂದು ಕಾರಣ. ಮೂರನೆಯದು ಸ್ವಲ್ಪ ವಿಚಿತ್ರ: ಟೈಟಾನಿಯಂ ಮಿಶ್ರಲೋಹ ಗಟ್ಟಿ ಮೂಳೆಗಿಂತ ಐದಾರು ಪಟ್ಟು ಬಿರುಸು. ಭಾರವನ್ನೆಲ್ಲ ಲೋಹವೇ ಹೊತ್ತರೆ ಪಕ್ಕದ ಮೂಳೆಗೆ ಕೆಲಸವಿಲ್ಲದೆ ಅದು ಸಪುರವಾಗುತ್ತಾ ಹೋಗುತ್ತದೆ.

ದಿನನಿತ್ಯದ ಮಾತನ್ನೂ ಆಡಲೇಬೇಕು. ನೆಲದ ಮೇಲೆ ಕುಳಿತು ಉಣ್ಣುವುದು, ಕುಕ್ಕರುಗಾಲಿನ ಪಾಯಿಖಾನೆ, ನಾಟಿ ಗದ್ದೆಯಲ್ಲಿ ದಿನವಿಡೀ ಬಗ್ಗುವುದು, ಸೊಪ್ಪಿನ ಹೊರೆ ಹೊರುವುದು: ಇವುಗಳಲ್ಲಿ ಯಾವುದು ಮಾಡಬಹುದು, ಯಾವುದು ಬಿಡಬೇಕು ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿ. ನಡೆಯಲು ಬಂದರೂ ನಾಟಿಗೆ ಹೋಗಲಾಗದು ಎಂದಾದರೆ, ಕೂಲಿ ನಂಬಿದ ಮನೆಗೆ ಅದು ದೊಡ್ಡ ಲೆಕ್ಕ. ಖರ್ಚಿನ ವಿಷಯಕ್ಕೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ನಿಮಗೆ ಏನು ಸಿಗುತ್ತದೆ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ವಿಚಾರಿಸಿ.

ಶಸ್ತ್ರಚಿಕಿತ್ಸೆಗೆ ಹೆದರಿ ‘ಕೀಲುನೋವಿನ ಪುಡಿ’ಗಳ ಮೊರೆ ಹೋಗುವವರಿದ್ದಾರೆ. ಹೆಸರು, ಊರು ಇಲ್ಲದ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದದ್ದುಂಟು. ಎರಡೇ ದಿನದಲ್ಲಿ ನೋವು ಮಾಯವಾದರೆ ಖುಷಿಪಡುವ ಮೊದಲು ಅನುಮಾನಪಡಿ. ದೀರ್ಘಕಾಲ ತಿಂದ ಸ್ಟೀರಾಯ್ಡ್ ಮೂಳೆಯನ್ನು ಪೊಳ್ಳಾಗಿಸುತ್ತದೆ, ಸೊಂಟದ ಚೆಂಡಿಗೆ ರಕ್ತ ಹೋಗುವುದನ್ನೇ ನಿಲ್ಲಿಸಬಲ್ಲದು. ಆಮೇಲೆ ಇಂಪ್ಲಾಂಟ್ ಹಿಡಿಯಲು ಬೇಕಾದ ಒಳ್ಳೆಯ ಮೂಳೆಯೂ ಉಳಿದಿರುವುದಿಲ್ಲ.

ಕೀಲು ಬದಲಿಸಿದ ಮೇಲೆ ಆಸ್ಪತ್ರೆಯ ಕಾಗದದಲ್ಲಿ ಇಂಪ್ಲಾಂಟಿನ ಕಂಪನಿ, ಅಳತೆ, ಲಾಟ್ ಸಂಖ್ಯೆ ಇರುವ ಸಣ್ಣ ಸ್ಟಿಕ್ಕರ್ ಅಂಟಿಸಿರುತ್ತಾರೆ. ಇಲ್ಲದಿದ್ದರೆ ಕೇಳಿ ಪಡೆಯಿರಿ. 2010ರ ಆಗಸ್ಟಿನಲ್ಲಿ ಡಿಪ್ಯೂ ಕಂಪನಿ ಎಎಸ್‌ಆರ್ ಎಂಬ ಸೊಂಟದ ಕೀಲನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್ ಮತ್ತು ಕ್ರೋಮಿಯಂ ದೇಹಕ್ಕೆ ಸೇರುತ್ತಿತ್ತು. ಭಾರತದಲ್ಲೂ ಅದನ್ನು ಹಾಕಿಸಿಕೊಂಡವರಿದ್ದರು. ಅಂಥ ಸಂದರ್ಭದಲ್ಲಿ ನಿಮ್ಮೊಳಗಿರುವುದು ಯಾವ ಕೀಲು ಎಂದು ಹೇಳುವುದು ಆ ಸ್ಟಿಕ್ಕರ್ ಮಾತ್ರ. ಮಲೆನಾಡಿನ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದು ನಿಮಗೆ ಗೊತ್ತೇ ಇದೆ, ಪ್ಲಾಸ್ಟಿಕ್ ಕವರಿನಲ್ಲಿಡಿ, ಒಂದು ಫೋಟೋ ತೆಗೆದು ಮನೆಯ ಇನ್ನಿಬ್ಬರ ಮೊಬೈಲಿಗೂ ಕಳಿಸಿಡಿ.